‘ಅಮ್ಮ ಗಟ್ಟಿ’ ಎನ್ನುವ ಮಾತು

ಕಳೆದ ವರ್ಷ ಅವರೆಕಾಯಿ ಕಾಲದ ಒಂದು ಭಾನುವಾರ, ಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮನ ಮುಂದೆ ಒಂದು ಹಾಳೆ ಇಟ್ಟೆ. ಅದರಲ್ಲಿ ಆರು ವಾಕ್ಯಗಳಿದ್ದವು. ಕಷ್ಟ ಬಂದಾಗ ಮನುಷ್ಯ ಎಷ್ಟು ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಅಳೆಯಲು ಮನಃಶಾಸ್ತ್ರಜ್ಞರು ಬಳಸುವ ಒಂದು ಪುಟ್ಟ ಪ್ರಶ್ನಾವಳಿ. ನನ್ನ ಪಿಎಚ್.ಡಿ. ಕೆಲಸಕ್ಕೆಂದು ಅದನ್ನು ಕನ್ನಡಕ್ಕೆ ತಂದಿದ್ದೆ. ಓದಿದವರಿಗೆಲ್ಲ ಅರ್ಥವಾಗುತ್ತದೋ ಇಲ್ಲವೋ ನೋಡಬೇಕಿತ್ತು. ಮೊದಲ ಪರೀಕ್ಷೆ ಮನೆಯಲ್ಲೇ ಆಗಲಿ ಅಂದುಕೊಂಡೆ.

ಅಮ್ಮ ಕೈ ಒರೆಸಿಕೊಂಡು, ಒಂದೊಂದು ವಾಕ್ಯವನ್ನೂ ನನ್ನಿಂದ ಓದಿಸಿಕೊಂಡಳು. ಕಷ್ಟ ಕಳೆದ ಮೇಲೆ ಬೇಗ ಮೇಲೇಳುತ್ತೇನೆ ಎನ್ನುವ ಅರ್ಥದ ಮೂರು ವಾಕ್ಯಗಳಿಗೆ ‘ಪೂರ್ತಿ ಒಪ್ಪುತ್ತೇನೆ’ ಅಂದಳು. ಬಿದ್ದರೆ ಏಳಲು ಬಹಳ ಸಮಯ ಬೇಕು ಎನ್ನುವ ಧಾಟಿಯ ಮೂರಕ್ಕೆ ‘ಸ್ವಲ್ಪವೂ ಒಪ್ಪಲ್ಲ’ ಅಂದಳು. ಕೂಡಿಸಿ ನೋಡಿದರೆ 30ಕ್ಕೆ 30. ನನಗೆ ನಗು ಬಂತು, ಹೆಮ್ಮೆಯೂ ಆಯಿತು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ಹೋದ ಮೇಲೆ ಬಂದುಬಂದವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಅದೇ ಆಗಿತ್ತು: “ನಮ್ಮಮ್ಮ ಗಟ್ಟಿ.” ಈಗ ಅದಕ್ಕೊಂದು ಅಂಕವೂ ಸಿಕ್ಕಿತ್ತು.

ಮೂರು ವಾರ ಕಳೆದು ವಿಜಯನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಅಮ್ಮನ ಫ್ಯಾಕ್ಟರಿಯ ಆಂಟಿಯೊಬ್ಬರು ಸಿಕ್ಕರು. ಅಮ್ಮ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ಈ ಆಂಟಿ ಪಕ್ಕದ ಮಷೀನಿನವರು. ಯೋಗಕ್ಷೇಮ ಕೇಳಿದ ಮೇಲೆ, “ನಿಮ್ಮಮ್ಮಂಗೆ ರಾತ್ರಿ ಹೊತ್ತು ನಿದ್ದೇನೇ ಇಲ್ವಲ್ಲವ್ವಾ, ಡಾಕ್ಟ್ರಿಗೆ ತೋರಿಸಿದ್ರಾ?” ಅಂದರು. ನಾನು ಸುಮ್ಮನೆ ನಿಂತೆ. “ಮಷೀನ್ ಮುಂದೆ ಕೂತಾಗ ಕಣ್ಣಲ್ಲಿ ನೀರು ಸುರೀತಾನೇ ಇರ್ತದೆ. ಕೇಳಿದ್ರೆ ಬಟ್ಟೆ ಧೂಳು ಅಂತಾಳೆ. ಎರಡು ವರ್ಷದಿಂದ ಹಿಂಗೇ.”

ನಮ್ಮದು ಬಸವೇಶ್ವರನಗರ ಮುಗಿದು ಕಾಮಾಕ್ಷಿಪಾಳ್ಯದ ಕಡೆ ಇಳಿಯುವ ರಸ್ತೆಯಲ್ಲಿ ಒಂದು ರೂಮು, ಒಂದು ಹಾಲಿನ ಬಾಡಿಗೆ ಮನೆ. ರೂಮು ನನಗೆ, ಓದಿಗೆ ತೊಂದರೆಯಾಗಬಾರದು ಅಂತ. ಅಮ್ಮ ಹಾಲಿನಲ್ಲಿ ಮಲಗುತ್ತಾಳೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಬಾಗಿಲು. ಆ ಬಾಗಿಲಿನ ಈಚೆ ಕೂತು ನಾನು ಎರಡು ವರ್ಷ ಮಾನಸಿಕ ಆರೋಗ್ಯದ ಬಗ್ಗೆ ಓದುತ್ತಿದ್ದೆ.

*

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ. ಒಬ್ಬರನ್ನು ‘ಗಟ್ಟಿ’ ಎಂದು ಹೊಗಳುವಾಗ ನಾವು ಮಾಡುತ್ತಿರುವುದೇನು? ಅವರಿಗೆ ಬಲ ಕೊಡುತ್ತಿದ್ದೇವೆಯೋ, ಅವರ ಭಾರಕ್ಕೆ ಹೆಗಲು ಕೊಡುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದೇವೆಯೋ?

ಅನುವಾದ ಮಾಡುವಾಗಲೇ ಇದರ ಸುಳಿವು ಸಿಕ್ಕಿತ್ತು. ಇಂಗ್ಲಿಷಿನವರು ‘ರೆಸಿಲಿಯೆನ್ಸ್’ ಎನ್ನುವ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಪಠ್ಯಪುಸ್ತಕದವರು ‘ಸ್ಥಿತಿಸ್ಥಾಪಕತ್ವ’ ಅಂತಾರೆ. ಅದು ಹೈಸ್ಕೂಲಿನ ಭೌತಶಾಸ್ತ್ರದ ಪದ, ಸ್ಪ್ರಿಂಗು ರಬ್ಬರುಗಳ ಗುಣ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ‘ಚೇತರಿಕೆ’ ಎಂದರೆ ಕಾಯಿಲೆ ಬಿದ್ದವರು ಎದ್ದಂತೆ. ‘ತಾಳಿಕೆ’ ಎಂದರೆ ಹೊರೆ ಹೊತ್ತು ನಿಂತಂತೆ. ಮೂರೂ ಬೇರೆ ಬೇರೆ. ಇಂಗ್ಲಿಷಿನ ಪದ ಮರಳಿ ಪುಟಿಯುವುದನ್ನು ಹೇಳುತ್ತದೆ. ನಮ್ಮಲ್ಲಿ ಜನ ದಿನನಿತ್ಯ ಹೊಗಳುವುದು ಪುಟಿಯುವುದನ್ನಲ್ಲ, ಅಲುಗಾಡದೆ ಹೊರುವುದನ್ನು. ‘ತಾಳಿದವನು ಬಾಳಿಯಾನು’ ಅಂತ ಗಾದೆ ಇದೆ. ಗಾದೆಯಲ್ಲಿರುವುದು ‘ತಾಳಿದವನು’. ನಾನು ಅದನ್ನು ಕೇಳಿರುವುದು ಮಾತ್ರ ಪ್ರತಿಸಲವೂ ಹೆಂಗಸರಿಗೆ ಹೇಳುವಾಗ.

ಯಾವ ಪದ ಸರಿ ಎಂದು ಅಮ್ಮನನ್ನೇ ಕೇಳಿದೆ. ಭೌತಶಾಸ್ತ್ರದ ಉದಾಹರಣೆ ಕೊಟ್ಟೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಎಷ್ಟೋ ವರ್ಷ ಅವಳು ಪ್ಯಾಂಟಿನ ಸೊಂಟಕ್ಕೆ ಇಲಾಸ್ಟಿಕ್ ಹೊಲಿದಿದ್ದಾಳೆ. “ಇಲಾಸ್ಟಿಕ್ಕನ್ನ ಎಳೆದುಕೊಂಡೇ ಹೊಲೀಬೇಕು ಕಣೇ. ಆದ್ರೆ ಅದಕ್ಕೊಂದು ಲೆಕ್ಕ ಇದೆ. ಜಾಸ್ತಿ ಎಳೆದ್ರೆ ಅದು ಸತ್ತೋಗತ್ತೆ. ನೋಡೋಕೆ ಚೆನ್ನಾಗೇ ಇರತ್ತೆ, ಹಾಕ್ಕೊಂಡಾಗ್ಲೇ ಗೊತ್ತಾಗೋದು.”

ಪುಸ್ತಕದಲ್ಲೂ ಇದೇ ಇದೆ. ಪ್ರತಿ ವಸ್ತುವಿಗೂ ಸ್ಥಿತಿಸ್ಥಾಪಕ ಮಿತಿ ಎಂಬುದೊಂದಿದೆ, ಅದನ್ನು ದಾಟಿ ಎಳೆದರೆ ವಸ್ತು ಮೊದಲಿನ ಆಕಾರಕ್ಕೆ ಬರುವುದಿಲ್ಲ. ಮನಸ್ಸಿನ ಬಗ್ಗೆ ಮಾತಾಡುವವರು ಪದವನ್ನು ಸಾಲ ತಂದರು, ಮಿತಿಯನ್ನು ಅಲ್ಲೇ ಬಿಟ್ಟುಬಂದರು.

*

ಇಷ್ಟು ಹೇಳಿದ ಮಾತ್ರಕ್ಕೆ ನಗು, ಸಂತೋಷ, ಭರವಸೆಗಳೆಲ್ಲ ಹುಸಿ ಎಂದು ಯಾರೂ ತಿಳಿಯಬಾರದು. ನನ್ನ ಓದು ಬೇರೆಯದನ್ನೇ ಹೇಳುತ್ತದೆ.

1998ರಲ್ಲಿ ಅಮೆರಿಕದ ಬಾರ್ಬರಾ ಫ್ರೆಡ್ರಿಕ್ಸನ್ ಎಂಬ ಮನಃಶಾಸ್ತ್ರಜ್ಞೆ ಒಂದು ಸರಳ ಪ್ರಶ್ನೆ ಕೇಳಿದರು. ಭಯ ನಮ್ಮನ್ನು ಓಡಿಸುತ್ತದೆ, ಸಿಟ್ಟು ಹೊಡೆದಾಟಕ್ಕೆ ಸಿದ್ಧಮಾಡುತ್ತದೆ, ಹಾಗಾದರೆ ಸಂತೋಷದಿಂದ ಏನು ಪ್ರಯೋಜನ? ಅವರ ಉತ್ತರ ಹೀಗಿತ್ತು: ಭಯ ಮನಸ್ಸನ್ನು ಒಂದೇ ಬಿಂದುವಿಗೆ ಕಿರಿದುಮಾಡುತ್ತದೆ. ಸಂತೋಷ, ಕುತೂಹಲ, ಪ್ರೀತಿಗಳು ಅದನ್ನು ಅಗಲಮಾಡುತ್ತವೆ. ಅಗಲವಾದ ಮನಸ್ಸು ಸ್ನೇಹ ಕಟ್ಟುತ್ತದೆ, ಹೊಸದನ್ನು ಕಲಿಯುತ್ತದೆ. ಸಂತೋಷ ಆ ಗಳಿಗೆಗೇ ಮುಗಿದರೂ ಅದು ಕಟ್ಟಿದ್ದು ಉಳಿದು ಕಷ್ಟಕಾಲಕ್ಕೆ ಆಗಿಬರುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚೆಯೇ ಅವರು ಕೆಲವು ಕಾಲೇಜು ವಿದ್ಯಾರ್ಥಿಗಳ ಸ್ವಭಾವವನ್ನು ಪರೀಕ್ಷಿಸಿದ್ದರು. ದಾಳಿಯ ನಂತರ ಅವರನ್ನೇ ಮತ್ತೆ ಮಾತಾಡಿಸಿದರು. ಬೇಗ ಚೇತರಿಸಿಕೊಳ್ಳುವ ಸ್ವಭಾವದವರಿಗೂ ದುಃಖ, ಸಿಟ್ಟು, ಭಯ ಇದ್ದವು. ಆದರೆ ಅವುಗಳ ನಡುವೆಯೇ ಕೃತಜ್ಞತೆ, ಪ್ರೀತಿ, ಆಸಕ್ತಿಗಳೂ ಇದ್ದವು. ಅವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಇತ್ತು.

ನನಗೆ ಇದಕ್ಕಿಂತ ಹತ್ತಿರವಾದದ್ದು ಸುಸಾನ್ ಫೋಕ್‌ಮನ್ ಅವರ ಕೆಲಸ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಏಡ್ಸ್‌ನಿಂದ ಸಾಯುತ್ತಿದ್ದ ಸಂಗಾತಿಗಳ ಆರೈಕೆ ಮಾಡುತ್ತಿದ್ದವರನ್ನು ಅವರ ತಂಡ ಮತ್ತೆ ಮತ್ತೆ ಸಂದರ್ಶಿಸುತ್ತಿತ್ತು. ಕೇಳುತ್ತಿದ್ದದ್ದು ಕಷ್ಟಗಳನ್ನು ಮಾತ್ರ. ಸ್ವಲ್ಪ ದಿನದಲ್ಲೇ ಆ ಜನ ತಕರಾರು ತೆಗೆದರು. ನಮ್ಮ ದಿನದಲ್ಲಿ ಒಳ್ಳೆಯದೂ ನಡೆಯುತ್ತದೆ, ಅದನ್ನೇಕೆ ಕೇಳುವುದಿಲ್ಲ ಎಂದರು. ಆ ಪ್ರಶ್ನೆ ಸೇರಿಸಿದ ಮೇಲೆ ಹೆಚ್ಚುಕಡಿಮೆ ಪ್ರತಿ ಸಂದರ್ಶನದಲ್ಲೂ ಹೇಳಿಕೊಳ್ಳಲು ಏನಾದರೊಂದು ಒಳ್ಳೆಯ ಸಂಗತಿ ಇತ್ತು. ಅದೇ ಜನ, ಅದೇ ದಿನಗಳಲ್ಲಿ, ಬಹಳ ಕುಗ್ಗಿಯೂ ಹೋಗಿದ್ದರು. ಎರಡೂ ಒಟ್ಟಿಗೆ ನಿಜ.

ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೆ ಹೋದವರಿಗೆ ಇದು ಹೊಸದಲ್ಲ. ಹನ್ನೊಂದನೆಯ ದಿನದ ಹೊತ್ತಿಗೆ ಯಾರೋ ಹೋದವರ ಜಿಪುಣತನದ ಕತೆ ತೆಗೆಯುತ್ತಾರೆ, ಅಳುತ್ತಿದ್ದವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. ಆ ನಗುವಿನಿಂದ ದುಃಖ ಕಡಿಮೆಯಾಯಿತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಹಾಕಲು ಹೋದವರ ಕತೆಯೂ ಇದೆ. 2005ರಲ್ಲಿ ಇದೇ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಎಂಬವರು, ಬದುಕು ಅರಳಬೇಕಾದರೆ ಪ್ರತಿ ಒಂದು ನೋವಿನ ಭಾವನೆಗೆ ಸುಮಾರು 2.9 ಪಾಲು ಒಳ್ಳೆಯ ಭಾವನೆ ಇರಬೇಕು ಎಂದು ಗಣಿತದ ಸಮೀಕರಣಗಳ ಸಮೇತ ಬರೆದರು. ಜಗತ್ತು ಅದನ್ನು ಎತ್ತಿ ಮೆರೆಸಿತು. 2013ರಲ್ಲಿ ಇಂಗ್ಲೆಂಡಿನಲ್ಲಿ ಎಂ.ಎ. ಮಟ್ಟದ ವಿದ್ಯಾರ್ಥಿಯಾಗಿದ್ದ ನಿಕ್ ಬ್ರೌನ್, ಇನ್ನಿಬ್ಬರು ವಿದ್ವಾಂಸರ ಜೊತೆ ಸೇರಿ, ಆ ಗಣಿತಕ್ಕೆ ಬುಡವೇ ಇಲ್ಲ ಎಂದು ತೋರಿಸಿದ. ಲೇಖನದ ಗಣಿತದ ಭಾಗವನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಳ್ಳೆಯ ಭಾವನೆಗಳು ನಮ್ಮನ್ನು ಕಾಯುತ್ತವೆ ಎಂಬ ಮಾತು ಇದರಿಂದ ಬೀಳಲಿಲ್ಲ. ದಿನಕ್ಕಿಷ್ಟು ಸಂತೋಷ ಎಂದು ಟಾರ್ಗೆಟ್ ಹಾಕಬಹುದು ಎಂಬ ಆಸೆ ಬಿತ್ತು. ಹಾಗಿದ್ದೂ ಬೆಳಿಗ್ಗೆ ಆರಕ್ಕೆಲ್ಲ ಫೋನಿಗೆ ಬರುವ ‘ಪಾಸಿಟಿವ್ ಆಗಿ ಯೋಚಿಸಿ’ ಎನ್ನುವ ಸಂದೇಶಗಳು ಈಗಲೂ ಟಾರ್ಗೆಟ್ಟಿನ ಭಾಷೆಯಲ್ಲೇ ಮಾತಾಡುತ್ತವೆ.

*

ಆಂಟಿ ಸಿಕ್ಕಿದ ರಾತ್ರಿ ಅಮ್ಮನ ಹತ್ತಿರ ಕೂತು ಕೇಳಿದೆ. ಮೊದಲು ಬೈದಳು. “ಅವಳಿಗೆ ಬೇರೆ ಕೆಲಸ ಇಲ್ಲ.” ಆಮೇಲೆ ನಿಧಾನವಾಗಿ ಹೇಳಿದಳು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಅಪ್ಪನ ಉಸಿರಾಟದ ಸದ್ದು ಕೇಳಿದ ಹಾಗಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಅಳು ಬಂದರೆ ಬಚ್ಚಲಿನ ನಲ್ಲಿ ಬಿಟ್ಟುಕೊಳ್ಳುತ್ತಾಳೆ. “ಮತ್ತೆ ಆ ಹಾಳೆಯಲ್ಲಿ ಹಂಗ್ಯಾಕೆ ಹೇಳಿದೆ?” ಅಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನಿನ್ನ ಪರೀಕ್ಷೆ ಅಲ್ವಾ ಅದು? ನೀನು ಪಾಸಾಗಲಿ ಅಂತ ಹೇಳಿದೆ.”

ಈ ಮಾತಿನ ಮುಂದೆ ನನ್ನ ವಿಧಾನಶಾಸ್ತ್ರದ ಅಧ್ಯಾಯ ಏನೂ ಹೇಳಲಾರದು. ಕೇಳುವವರಿಗೆ ಯಾವ ಉತ್ತರ ಬೇಕೋ ಅದನ್ನೇ ಜನ ಕೊಡುತ್ತಾರೆ ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ, ಸರಿಪಡಿಸುವ ಉಪಾಯಗಳೂ ಇವೆ. ಆದರೆ ನನಗೆ ಯಾವ ಉತ್ತರ ಬೇಕಿತ್ತು? ಅಮ್ಮ ಗಟ್ಟಿಯಾಗಿರಬೇಕಿತ್ತು. ಅವಳು ಗಟ್ಟಿಯಾಗಿದ್ದರೆ ನಾನು ಬೆಳಿಗ್ಗೆ ಹಂಪಿನಗರದ ಗ್ರಂಥಾಲಯಕ್ಕೋ, ಮೆಟ್ರೋ ಹತ್ತಿ ಜ್ಞಾನಭಾರತಿಗೋ ನಿಶ್ಚಿಂತೆಯಾಗಿ ಹೋಗಬಹುದಿತ್ತು. ‘ನಮ್ಮಮ್ಮ ಗಟ್ಟಿ’ ಎಂಬುದು ನನಗೆ ನಾನೇ ಬರೆದುಕೊಂಡ ರಜಾಚೀಟಿ. ಅವಳು ಅದಕ್ಕೆ ದಿನಾ ಸಹಿ ಹಾಕುತ್ತಿದ್ದಳು.

ನಾನೊಬ್ಬಳೇ ಹೀಗೆ ಎಂದು ನನಗನ್ನಿಸುವುದಿಲ್ಲ. ಬಡವರು ಹೇಗೋ ಬದುಕುತ್ತಾರೆ, ರೈತ ಎಲ್ಲ ತಡೆದುಕೊಳ್ಳುತ್ತಾನೆ, ನಮ್ಮ ಹೆಂಗಸರಿಗೆ ಭೂಮಿತಾಯಿಯ ಸಹನೆ ಎಂದು ನಾವು ಹೇಳುವ ಎಷ್ಟೋ ಮಾತುಗಳು ಹೊಗಳಿಕೆಯ ವೇಷದಲ್ಲಿರುವ ರಜಾಚೀಟಿಗಳು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ವೈದ್ಯರ ಕೊರತೆ, ದೂರ, ದುಡ್ಡು, ನಾಚಿಕೆ, ಎಲ್ಲ ಕಾರಣಗಳೂ ಇವೆ. ಅವುಗಳ ಜೊತೆಗೆ, ಮನೆಯವರು ‘ಇವಳು ಗಟ್ಟಿ’ ಎಂದು ನಂಬಿಕೊಂಡು ಕೂತ ಮನೆಗಳೂ ಎಷ್ಟೋ ಇರಬೇಕು ಎಂದು ಈಗ ನನಗೆ ಅನ್ನಿಸುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಂದಿಟ್ಟವಳು ಅಮ್ಮನೇ. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ದಿನಾ ದುಂಬಾಲು ಬಿದ್ದಾಗ ಅವಳಿಗೆ ರೇಗಿತು. “ನನ್ನನ್ನ ಪಾಪ ಅನ್ನಬೇಡ. ನಿನ್ನನ್ನ ಓದಿಸಿದೀನಿ, ನಿಮ್ಮಪ್ಪನ ಆಸ್ಪತ್ರೆ ಸಾಲ ತೀರಿಸಿದೀನಿ. ಅದು ಸುಳ್ಳಾ?” ಸುಳ್ಳಲ್ಲ. ಅವಳ ತಾಳಿಕೆ ಅವಳದೇ ಸಂಪಾದನೆ, ಅದರ ಹೆಮ್ಮೆಯೂ ಅವಳದೇ. ಅದನ್ನು ಕಿತ್ತುಕೊಂಡು ಅವಳನ್ನು ಬರೀ ನೊಂದವಳು ಎಂದು ನೋಡುವುದು ಇನ್ನೊಂದು ಅವಮಾನ. ಹೊಗಳಿಕೆ ತಪ್ಪಲ್ಲ. ಹೊಗಳಿ ಎದ್ದುಹೋಗುವುದು ತಪ್ಪು. ನೀನು ಇಷ್ಟು ಹೊತ್ತೆ ಎಂದ ಬಾಯಿ, ಇನ್ನು ಕೊಡು ಇಲ್ಲಿ ಎಂದೂ ಹೇಳಬೇಕಲ್ಲ?

*

ಅಮ್ಮ ನಗುನಗುತ್ತಾ ಮನೆಗೆ ಬಂದ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. 2016ರ ಏಪ್ರಿಲ್. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಆ ದುಡ್ಡೇ ಮಗಳ ಫೀಸು, ಮದುವೆ, ಆಸ್ಪತ್ರೆ. 18 ಮತ್ತು 19ನೇ ತಾರೀಖು ಬೆಂಗಳೂರಿನ ಸಾವಿರಾರು ಹೆಣ್ಣುಮಕ್ಕಳು ಮಷೀನು ಬಿಟ್ಟು ಎದ್ದು ರಸ್ತೆಗೆ ಬಂದರು. ಹೊಸೂರು ರಸ್ತೆಯಲ್ಲಿ ಶುರುವಾದದ್ದು ತುಮಕೂರು ರಸ್ತೆಗೂ ಹಬ್ಬಿತು. ಮುಂದೆ ನಿಂತು ಕರೆದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಬೀಸಿದರು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಅಮ್ಮ ಅವತ್ತು ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಬರಿಗಾಲಲ್ಲಿ ನಡೆದುಕೊಂಡೇ ಬಂದಿದ್ದಳು. ಹೆದರಿದ್ದಳು, ಸುಸ್ತಾಗಿದ್ದಳು. ಆದರೂ ನಗು ತಡೆಯಲಾಗುತ್ತಿರಲಿಲ್ಲ. “ಲೈನೇ ನಿಂತೋಯ್ತು ಕಣೇ ಇವತ್ತು! ಎಲ್ರೂ ಎದ್ದುಬಿಟ್ವಿ!” ಎಂದು ಮೂರು ನಾಲ್ಕು ಸಲ ಹೇಳಿದಳು.

ಬೆಂಕಿಯನ್ನು ನಾನು ಸಮರ್ಥಿಸುತ್ತಿಲ್ಲ. ನನ್ನನ್ನು ತಡೆದು ನಿಲ್ಲಿಸುವುದು ಆ ನಗು. ವರ್ಷಗಟ್ಟಲೆ ತಾಳಿದ್ದವರು ಒಂದು ದಿನ ಇನ್ನು ತಾಳೆವು ಎಂದರು, ಅಂಥ ದಿನದಲ್ಲೇ ಅಮ್ಮನ ಮುಖದಲ್ಲಿ ನಾನು ಎಂದೂ ಕಾಣದ ಹಿಗ್ಗು ಇತ್ತು. ನನ್ನ ಹಾಳೆಯ ಆರು ವಾಕ್ಯಗಳಲ್ಲಿ ಆ ದಿನಕ್ಕೆ ಜಾಗವಿಲ್ಲ. ಕಷ್ಟ ಬಂದಾಗ ನೀನು ಹೇಗೆ ಎದ್ದು ನಿಲ್ಲುತ್ತೀಯ ಎಂದು ಅದು ಕೇಳುತ್ತದೆ. ಆ ಕಷ್ಟ ಯಾಕೆ ಬಂತು, ಬರಲೇಬೇಕಿತ್ತಾ ಎಂದು ಕೇಳುವುದಿಲ್ಲ. ಮನಸ್ಸಿನ ಆರೋಗ್ಯದಲ್ಲಿ ಸಾಕು ಎನ್ನುವ ಶಕ್ತಿಯೂ ಸೇರಿರಬೇಕು ಎಂದು ನನಗೆ ಹೇಳಿಕೊಟ್ಟದ್ದು ಕಿತ್ತುಹೋದ ಆ ಚಪ್ಪಲಿ.

ಅಪ್ಪ ಹೋದ ಮೇಲಿನ ಆ ಎರಡು ವರ್ಷ ನಿನ್ನನ್ನು ಕಾಪಾಡಿದ್ದು ಏನು ಎಂದು ಈಚೆಗೆ ಕೇಳಿದೆ. ಅಮ್ಮ ತಡಮಾಡದೆ, “ಊಟದ ಅರ್ಧ ಗಂಟೆ” ಅಂದಳು. ಫ್ಯಾಕ್ಟರಿಯಲ್ಲಿ ಮಧ್ಯಾಹ್ನ ಅರ್ಧ ಗಂಟೆ ಬಿಡುತ್ತಾರೆ. ಅದರಲ್ಲೇ ಕೈತೊಳೆಯುವ ಸಾಲು, ಊಟ, ಬಾತ್‌ರೂಮು. ಆರು ಜನ ಒಟ್ಟಿಗೆ ಕೂರುತ್ತಾರೆ. ಒಬ್ಬಳ ಡಬ್ಬಿಯ ಹುಳಿ ಇನ್ನೊಬ್ಬಳ ಮುದ್ದೆಗೆ. ಸೂಪರ್‌ವೈಸರ್ ನಡೆಯುವ ರೀತಿಯನ್ನು ಒಬ್ಬಳು ಕೂತಲ್ಲೇ ಮಾಡಿ ತೋರಿಸುತ್ತಾಳೆ. “ಅಲ್ಲಿ ಅತ್ತರೂ ಯಾರೂ ಕೇಳಲ್ಲ, ನಕ್ಕರೂ ಯಾರೂ ಕೇಳಲ್ಲ.” ಅಪ್ಪನ ವಿಷಯ ಅವಳು ಮೊದಲು ಬಾಯಿಬಿಟ್ಟದ್ದೂ ಅಲ್ಲೇ. ಆ ಆರು ಜನರಲ್ಲಿ ಇಬ್ಬರ ಗಂಡಂದಿರು ಅದೇ ತಿಂಗಳು ಹೋಗಿದ್ದರು.

ಕಿಸಾಗೋತಮಿಯ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಸತ್ತ ಮಗುವನ್ನು ಎತ್ತಿಕೊಂಡು ಬುದ್ಧನ ಹತ್ತಿರ ಬಂದವಳಿಗೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಅವನು ಹೇಳುತ್ತಾನೆ. ಸಾವು ಎಲ್ಲರಿಗೂ ಬರುತ್ತದೆ ಎಂಬ ಪಾಠವೇ ಅವಳನ್ನು ಸಂತೈಸಿತು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಆ ಪಾಠವನ್ನು ಬುದ್ಧ ಕೂತಲ್ಲೇ ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ, ಮನೆಮನೆಗೆ ಕಳಿಸಿದ. ಪ್ರತಿ ಮನೆಯಲ್ಲೂ ಯಾರೋ ಬಾಗಿಲು ತೆರೆದಿರಬೇಕು, ಸಾಸಿವೆ ತರಲು ಒಳಗೆ ಹೋಗಿ ನಿಂತಿರಬೇಕು, ತಮ್ಮ ಮನೆಯ ಸತ್ತವರ ಹೆಸರು ಹೇಳಿರಬೇಕು. ಅವಳನ್ನು ಎತ್ತಿ ನಿಲ್ಲಿಸಿದ್ದು ಆ ಬಾಗಿಲುಗಳು ಎಂದು ಈಗ ನನಗೆ ತೋರುತ್ತದೆ.

*

ಅಮ್ಮ ಕೊನೆಗೂ ಡಾಕ್ಟರ ಹತ್ತಿರ ಬಂದಳು. ಪಕ್ಕದ ಮಷೀನಿನ ಆಂಟಿಯೂ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ಆ ಅರ್ಧ ದಿನದ ಸಂಬಳ ಅವರಿಗೆ ಹೋಯಿತು. ಮಾತ್ರೆ ಕೆಲವು ತಿಂಗಳು, ಮಾತು ಇನ್ನೂ ನಡೆಯುತ್ತಿದೆ. ಆಸ್ಪತ್ರೆ ಮನೆ ಬಾಗಿಲಿಗೆ ಹತ್ತಿರವಿರಬೇಕು ಎಂಬುದು ನಮ್ಮ ರಾಜ್ಯದಲ್ಲೇ ಬೆಳೆದ ವಿಚಾರ. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಯೂ ಇದೆ, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೆ ಆ ಸಂಖ್ಯೆ ಬರೆದುಕೊಟ್ಟಾಗ ಅವಳು ಅದನ್ನು ಊಟದ ಗುಂಪಿನ ಆರು ಜನಕ್ಕೂ ಕೊಟ್ಟಳು.

ನನ್ನ ಪ್ರಶ್ನಾವಳಿಯ ಆರು ವಾಕ್ಯಗಳನ್ನು ನಾನು ಬದಲಾಯಿಸುವಂತಿಲ್ಲ. ಬದಲಾಯಿಸಿದರೆ ಬೇರೆಯವರ ಅಂಕಗಳ ಜೊತೆ ಹೋಲಿಸಲು ಬರುವುದಿಲ್ಲ. ಕೆಳಗೆ, ಗೆರೆ ಎಳೆದು, ಒಂದು ಪ್ರಶ್ನೆ ಸೇರಿಸಿದ್ದೇನೆ: ‘ನೀವು ಗಟ್ಟಿಯಾಗಿರದಿದ್ದರೂ ನಡೆಯುತ್ತದೆ ಎನ್ನುವಂಥವರು ನಿಮಗೆ ಯಾರಿದ್ದಾರೆ?’ ಇದಕ್ಕೆ ಅಂಕ ಹೇಗೆ ಕೊಡುತ್ತೀರಿ ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಈಗ ರೂಮಿನಲ್ಲಿ ಅಮ್ಮ ಮಲಗುತ್ತಾಳೆ, ಹಾಲಿನಲ್ಲಿ ನಾನು. ಭಾನುವಾರ ಅವಳು ಎಂಟರವರೆಗೂ ಏಳುವುದಿಲ್ಲ. ಈ ವರ್ಷದ ಅವರೆಕಾಯಿ ಬಂದಿದೆ. ಸುಲಿಯುವುದು ನಾನೇ, ಕಾಳಿಗಿಂತ ಸಿಪ್ಪೆಯೇ ಜಾಸ್ತಿ ಪಾತ್ರೆಗೆ ಬೀಳುತ್ತದೆ ಅಂತ ಎದ್ದ ಮೇಲೆ ಬೈಸಿಕೊಳ್ಳುತ್ತೇನೆ.